ಹನ್ನೆರಡರ ಗೆರೆ

ವಾರ್ದೋದಿಂದ ಹಾಲ್ವಾರ್ಡ್ ಅಜ್ಜ ಬಂದದ್ದು
ನೀಲಿ ಬಕೆಟ್ಟಿನೊಂದಿಗೆ.
ಒಂದೊಂದು ಮೀನಿಗೂ ಒಂದೊಂದು ಹಳೇ ಪತ್ರಿಕೆಯ ಹೊದಿಕೆ,
ಮೇಲೆ ಪೆನ್ಸಿಲಿನಲ್ಲಿ ಹೆಸರು, ಹಿಡಿದ ದಿನ, ಎಷ್ಟು ಮಾರು ಆಳ.
ನಾನು ಕೇಳಿದ್ದು ಬೆರಳಗಲದ ತುಂಡು.
ಅವನು ತಂದದ್ದು ಮದುವೆಮನೆಗಾಗುವಷ್ಟು.

‘ಮುತ್ತು ಕೊಟ್ಟೆ, ಅಷ್ಟೆ’ ಅಂದ,
ಟ್ರೊಮ್ಸೊ ಪ್ರಯೋಗಾಲಯದ ಬಾಗಿಲಲ್ಲಿ ಬೂಟು ಬಿಚ್ಚುತ್ತ.
ದೋಣಿಯಿಂದಿಳಿದು ಕೈ ತೊಳೆದಿದ್ದ, ಎರಡು ಸಲ, ಸೋಪು ಹಚ್ಚಿ;
ಗಡ್ಡ ತೊಳೆದಿರಲಿಲ್ಲ.
ಮೊಮ್ಮಗ ಎಸ್ಕಿಲನ ಕೆನ್ನೆಯಲ್ಲಿ
ಅಜ್ಜನ ತುಟಿಯ ಅಚ್ಚು ಹಾಗೇ ಎದ್ದುಬಂತು,
ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬಿ.
ಆಮೇಲೆ ಕಣ್ಣು. ಆಮೇಲೆ ಉಸಿರು.
ಹೆಲಿಕಾಪ್ಟರಿನ ಸದ್ದಿನಲ್ಲಿ
ಅಜ್ಜ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಎಸ್ಕಿಲನ ಸೀರಮ್ಮು ನನ್ನ ಫ್ರಿಜ್ಜಿನಲ್ಲಿದೆ,
ಒಂದು ಗುಟುಕೂ ಇಲ್ಲ, ತಿಳಿಹಳದಿ.
ಹಗೆ ಯಾರೆಂದು ಅದಕ್ಕೆ ಗೊತ್ತು.
ಬಾಯಿಲ್ಲ. ನನಗೆ ಸಂಬಳ
ಅದಕ್ಕೊಂದು ಬಾಯಿ ಕೊಡುವುದಕ್ಕೆ.

ಅರೆದೆ, ಸೋಸಿದೆ, ಕುದಿಸಿದೆ,
ಜೆಲ್ಲಿನ ಗುಣಿಗಳಿಗೆ ಸಾಲಾಗಿ ತೊಟ್ಟಿಕ್ಕಿಸಿದೆ:
ಕಾಡ್, ಹ್ಯಾಡಕ್, ಹೆರಿಂಗ್, ಹ್ಯಾಲಿಬಟ್.
ಬಕೆಟ್ಟಿನ ತಳದಲ್ಲೊಂದು ತೊರಕೆ,
ಪತ್ರಿಕೆಯಿಲ್ಲ, ಹೆಸರಿಲ್ಲ;
ಗುಣಿಯೊಂದು ಉಳಿದಿತ್ತು, ಅದನ್ನೂ ಹಾಕಿದೆ.
ಕರೆಂಟು ಹರಿದದ್ದೇ ಹೊರಟವು ಪ್ರೋಟೀನುಗಳು,
ಭಾರದವು ಮೇಲೇ ಏದುಸಿರು ಬಿಡುತ್ತ,
ಹಗುರಾದವು ಓಡೋಡಿ ತಳಕ್ಕೆ.

‘ಇಷ್ಟು ಕುದಿಸಿದರೂ ಸಾಯುವುದಿಲ್ಲವೆ?’
ಅವನ ಹೆಂಡತಿ ತೂರ್ಬೋರ್ಗ್ ಮೂರು ನೀರಲ್ಲಿ ಬೇಯಿಸಿ ನೋಡಿದ್ದಳಂತೆ.
ಸಾಯುವುದಿಲ್ಲ, ಅಂದೆ.
ಎಳೆದು ಬಿಟ್ಟ ಹಗ್ಗ
ತನ್ನ ಹಳೇ ಸುರುಳಿಗೇ ಮರಳುತ್ತದಲ್ಲ, ಹಾಗೆ.
ಹಗ್ಗ ಅವನಿಗೆ ಅರ್ಥವಾಯಿತು.

ಬೆಳಗಾಗದ ಬೆಳಗು, ನವೆಂಬರಿನ ಕೊನೆ.
ಪೊರೆಯ ಮೇಲೆ ಸೀರಮ್ಮು ರಾತ್ರಿಯಿಡೀ ತಡಕಾಡಿ
ಕೊನೆಗೂ ಕೈ ತೋರಿಸಿತ್ತು:
ಹನ್ನೆರಡು ಸಾವಿರ ತೂಕದ ಗುರುತಿನೆದುರು
ಕಾಡ್‌ಗೆ ಕಾಡಿಗೆ ತೀಡಿದಂಥ ಗೆರೆ.
ಹ್ಯಾಡಕ್ ಹಾಗೇ, ಹೆರಿಂಗ್ ಹಾಗೇ,
ಹ್ಯಾಲಿಬಟ್ ಮಸುಕು, ಆದರೂ ಇದೆ.
ಮೇಲೆ ನಲವತ್ತು, ಐವತ್ತರ ಬಳಿ ಎರಡು ತೆಳು ನೆರಳು,
ಪಾಲುದಾರರೋ ದಾರಿಹೋಕರೋ
ಇನ್ನೂ ಹೇಳಲಾರೆ.

ಪಾರ್ವಾಲ್ಬುಮಿನ್.
ಅಜ್ಜ ಮೂರು ಸಲ ಹೇಳಿ ನೋಡಿದ,
ನಾಲಿಗೆಯಲ್ಲಿ ಮುಳ್ಳು ಹುಡುಕುವವನಂತೆ.
‘ಮೀನಿಗೆ ಅದರಿಂದ ಏನು ಉಪಯೋಗ?’
ಬಾಲ ಬೀಸಿ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಂದೆ,
ಮುಂದಿನ ಬೀಸಿಗೆ ಅಣಿಮಾಡುತ್ತದೆ.
‘ಅಂದರೆ ಬಲೆಯಿಂದ ತಪ್ಪಿಸಿಕೊಳ್ಳಲು.’
ಹೌದು. ಅದಕ್ಕೂ.
ಐವತ್ತೊಂದು ಚಳಿಗಾಲ ಬಲೆ ಎಳೆದವನು
ತನ್ನ ಕೈಗಳನ್ನೇ ನೋಡುತ್ತ ಕೂತ.

ಕೊನೆಯ ಸಾಲು ಖಾಲಿ.
ನನ್ನ ಕೈಯನ್ನು ನಂಬದೆ ಮತ್ತೊಮ್ಮೆ ಮಾಡಿದೆ,
ಅವನು ಮಗಳ ಮನೆಯಲ್ಲಿ ವಾರ ಕಾದ.
ಖಾಲಿ.
‘ಅದು ಯಾವುದು?’
ತೊರಕೆ.
‘ಅದನ್ನಾರು ತಿನ್ನುತ್ತಾರೆ! ಬಲೆಗೆ ಬಿದ್ದರೆ
ಬೈದು ಆಚೆ ಎಸೆಯುತ್ತೇವೆ.’

ಇದು ಅಪ್ಪಣೆಯಲ್ಲ, ಅಂದೆ. ಗೆರೆ ಇಲ್ಲ ಅಷ್ಟೆ.
ವೈದ್ಯರೆದುರು, ಸೂಜಿ ಪಕ್ಕದಲ್ಲಿಟ್ಟುಕೊಂಡು,
ಮೊದಲು ಅಕ್ಕಿಕಾಳಿನಷ್ಟು, ಗಂಟೆ ಕಾದು ಬಟಾಣಿಯಷ್ಟು,
ಆಗಲೂ ಏನೆಂದು ಹೇಳಲಾಗದು.
ಅವನು ಕೇಳುತ್ತಿರಲಿಲ್ಲ. ಒದ್ದೆ ಪತ್ರಿಕೆಯೊಂದನ್ನು ಬಿಡಿಸಿ
ಪೆನ್ಸಿಲಿನಲ್ಲಿ ಬರೆದ: ತೊರಕೆ.
ದಿನ? ನೆನಪಿಲ್ಲ. ಆಳ?
ಪೆನ್ಸಿಲು ನಿಂತೇ ಇತ್ತು.

ಕೆಳಗೆ ಕಾರಿನಲ್ಲಿ ಎಸ್ಕಿಲ್ ಕಾಯುತ್ತಿದ್ದ, ಕಿಟಕಿ ಏರಿಸಿ.
ಅಜ್ಜ ಕೈಕುಲುಕಲು ಬಂದವನು ಹಿಂದೆಳೆದುಕೊಂಡ,
ನಲ್ಲಿ ಎಲ್ಲಿದೆ ಎಂದ.
ಈ ಸೋಪು
ಗಡ್ಡಕ್ಕೂ ಆಗುತ್ತದೆಯೆ?