ತಣ್ಣಗುಂಟು

ತೆರೆಯ ಮೂಲೆಯಲ್ಲಿ ಕೆಂಪು ಅಂಕಿ: ತೊಂಬತ್ತಾರು.

ಪೇಸ್ಟ್ ಒರೆಸಿ ಮತ್ತೆ ಬಳಿದದ್ದು ಮೂರು ಸಲ,
ಮೊದಲು ಬಟಾಣಿಯಷ್ಟು, ಆಮೇಲೆ ಅಕ್ಕಿಕಾಳಿನಷ್ಟು,
ಕೊನೆಗೆ ದೋಸೆಗೆ ಬೆಣ್ಣೆ ಸವರಿದ ಹಾಗೆ.
ಪೆರ್ಡೂರಿನ ಮದುವೆಯ ವಿಡಿಯೋ
ಧಾರೆಯ ಹತ್ತಿರ ಬಂದು ಸತ್ತುಹೋಗುತ್ತದೆ,
ಪ್ರತಿ ಸಲ,
ಕೈಗಳ ಮೇಲೆ ನೀರು ಬೀಳುವ ಮೊದಲು.

'ಮಲ್ಪೆಯ ಸೆಕೆಯಲ್ಲವಾ' ಎಂದ ಉಡುಪಿಯ ಅಂಗಡಿಯವ,
ಹೊಸ ಫ್ಯಾನಿನ ರೇಟು ಹೇಳುತ್ತ.

ಬೋಟಿನ ಇಂಜಿನ್ ಬಿಚ್ಚುವ ಕೂಸಣ್ಣ
ದಕ್ಕೆಯಿಂದ ನೇರ ಬಂದದ್ದು ಅಪ್ಪನಿಗೆ ಬಂಗುಡೆ ಕೊಡಲಿಕ್ಕೆ.
ಗಾಜಿನಾಚೆಯ ನೀಲಿ ನೀರು ನೋಡಿ
'ಇದಕ್ಕೂ ಕುಡಿಸ್ತೀಯಾ?' ಎಂದ.
ಅಂಕಿಯತ್ತ ತಿರುಗಲೇ ಇಲ್ಲ.
ಒಂದು ಕೊಳವೆ ಹಿಡಿದ, ಬಿಟ್ಟ. ಇನ್ನೊಂದು ಹಿಡಿದ.
ಮೀನು ತಾಜಾವೋ ಎಂದು ಒತ್ತಿ ನೋಡುವ ಬೆರಳನ್ನು
ರೇಡಿಯೇಟರಿಗೆ ಒತ್ತಿ
'ತಣ್ಣಗುಂಟು' ಎಂದ.

ನನಗೆ ಸಮಾಧಾನ.

'ಅದೇ ತೊಂದರೆ ಮಾರಾಯ್ತಿ. ಬಿಸಿ ಇಲ್ಲಿವರೆಗೆ ಬರಲೇ ಇಲ್ಲ.'

ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ:
'ತಿರುಗುತ್ತದೆ, ತಳ್ಳುವುದಿಲ್ಲ. ಗಾಳಿ ನುಂಗಿದೆ.'

ಇಬ್ಬರೂ ಪೆಟ್ಟಿಗೆ ಎತ್ತಿ ಓರೆ ಮಾಡಿದೆವು
ಎಡಕ್ಕೆ, ಹಿಂದಕ್ಕೆ,
ಅಳಿವೆಯಲ್ಲಿ ದೋಣಿ ವಾಲುವಷ್ಟು.

ಗುಳುಕ್.

ನೆಲ್ಲಿಕಾಯಿಯಷ್ಟು ಗುಳ್ಳೆ
ತೊಟ್ಟಿಗೆ ಏರಿ ಒಡೆಯಿತು.
ಎಂಬತ್ತು. ಎಪ್ಪತ್ತೊಂದು. ಅರವತ್ತನಾಲ್ಕು.
ನಾನು ಓದುತ್ತಿದ್ದೆ ಗಟ್ಟಿಯಾಗಿ,
ಅವನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ.

ರಾತ್ರಿ ಎರಡಕ್ಕೆ ಧಾರೆಯ ನೀರು ಬಿತ್ತು.
ಯಾರದೋ ಮಗು ನಡುವೆ ಕೈಯೊಡ್ಡಿತ್ತು,
ಕತ್ತರಿಸದೆ ಬಿಟ್ಟೆ.

ಕೊಳವೆಯ ತಿರುವಿನಲ್ಲಿ ಸಾಸಿವೆಯಷ್ಟು ಗುಳ್ಳೆ
ಇನ್ನೂ ಅಂಟಿಕೊಂಡಿದೆ.
ಎದ್ದು ಹೋಗಿ ನೋಡುತ್ತೇನೆ, ಆಗಾಗ.