ನೈಟ್ ಹಾಲ್ಟ್, ಯಗಟಿ

ಟಿಕೆಟ್ ಮಿಷನ್ನು ಚೀಲಕ್ಕೆ, ಚೀಲ ತಲೆದಿಂಬಿಗೆ.
ಸೀಟಿನ ಮೇಲೆ ಅಂಗಾತ ಬಿದ್ದು
ಕುರಿ ಕಾಯುತ್ತೇನೆ.

ಬೆರಳು ಅತ್ತ ಒತ್ತಿದರೆ ಇತ್ತ ಓಡುತ್ತವೆ,
ಹತ್ತಿಯುಂಡೆಗೆ ನಾಲ್ಕು ಕಡ್ಡಿ ಚುಚ್ಚಿದಂಥವು.
ದೊಡ್ಡಿಗೆ ನುಗ್ಗಿದರೆ ಟಿಣ್ ಅನ್ನುತ್ತದೆ.
ಅಷ್ಟೇ ಆಟ. ಪೆದ್ದು ಆಟ.

ಕಡೂರಿನಿಂದ ಇಲ್ಲಿತನಕ
'ಒಳಗೆ ನಡೀರಿ, ಒಳಗೆ ನಡೀರಿ' ಅಂದಿದ್ದೇ ಅಂದಿದ್ದು,
ಬಾಗಿಲಲ್ಲಿ ನಿಂತವನು ಅಲ್ಲಾಡಲಿಲ್ಲ.
ಈ ಕುರಿಗಳು ನೋಡಿ,
ಚಿಲ್ಲರೆ ಕೇಳುವುದಿಲ್ಲ,
ಸ್ಟಾಪಿಲ್ಲದ ಕಡೆ ಇಳಿಯುವುದಿಲ್ಲ.

ಡ್ರೈವರ್ ಚೌಡಪ್ಪ ಮಗ್ಗಲು ಬದಲಿಸುತ್ತ
'ಎಷ್ಟಾದವು?'
ಹುಡುಗನಿದ್ದಾಗ ನಿಜದ ಕುರಿ ಕಾದವನು, ನಗುವುದಿಲ್ಲ.
'ಹನ್ನೊಂದು. ಒಂದು ಹೊರಗೈತೆ.'
'ಬಿಡು ಅದನ್ನ. ಮೇಯ್ಲಿ.'

ಬಿಟ್ಟೆ.
ಬೆಳಗಿನ ಐದೂವರೆಗೆ ಎಂಜಿನ್ ಗುರುಗುಟ್ಟಿದಾಗಲೂ
ಪರದೆಯ ಹಸಿರಲ್ಲಿ ಅದು ಮೇಯುತ್ತಿತ್ತು.
ಚೌಡಪ್ಪ ಹಾರನ್ ಹೊಡೆದು,
ಹೊಲದಂಚಿಂದ ಓಡಿಬರುವ ಟಾರ್ಚಿಗಾಗಿ
ಇನ್ನೊಂದು ನಿಮಿಷ ಕಾದ.