ಹಾಸೂ ಇಲ್ಲ, ಹೊಕ್ಕೂ ಇಲ್ಲ

ಆ ರಾತ್ರಿ ಸ್ಟೋರಿನಲ್ಲಿ ಉಳಿದದ್ದು ಒಂದೇ ಕಿಟ್ಟು.
ಬೆನ್ನ ಮೇಲೆ ಮೊದಲೇ ಬರೆದಿತ್ತು
ನೀಲಿ ಮಾರ್ಕರಿನಲ್ಲಿ, ದುಂಡಗೆ:
ಸಿಸ್ಟರ್ ಹಾಲಮ್ಮ.

ಬರೆದಿಟ್ಟುಕೊಂಡವಳು ತೊಡಲಿಲ್ಲ.
ಅವತ್ತು ಮಧ್ಯಾಹ್ನವೇ ಮೈ ಬಿಸಿಯಾಗಿ,
ಮೂಗಿಗೆ ಕಡ್ಡಿ ಹಾಕಿಸಿಕೊಂಡು,
ಈಗ ನಮ್ಮದೇ ವಾರ್ಡಿನ ಪರದೆಯಾಚೆ
ಒಂಬತ್ತನೇ ಮಂಚ.

"ಹೊಡದಾಕಿ ನಿಮ್ಮೆಸ್ರು ಬರೀಲೇನ್ ಸಿಸ್ಟರ್?"
ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಲು ಹೋಗಿ
ಬೈಸಿಕೊಂಡ ವಾರ್ಡ್ ಬಾಯ್ ತಿಪ್ಪೇಶಿ.
ಬ್ಯಾಡ ಬಿಡಪ್ಪ,
ಮೆಹರುನ್ನಿಸಾ ಅಂತ ಬರಿಯಾಕೆ
ನಿನ್ನ ಇಂಕು ಸಾಲಲ್ಲ.

ಮೊದಲು ಬಾತ್‌ರೂಮು. ಆಮೇಲೆ ಆರು ತಾಸು ಅದರ ಮಾತಿಲ್ಲ.
ಒಂದು ಗ್ಲೌಸು, ಅದರ ಮೇಲೆ ಇನ್ನೊಂದು,
ಮಣಿಕಟ್ಟಿಗೆ ಟೇಪು.
ಕನ್ನಡಕದ ಗಾಜಿಗೆ ಸೋಪಿನ ಚೂರು ತಿಕ್ಕಿದರೆ
ಒಂದು ತಾಸು ಮಂಜು ಕಟ್ಟಲ್ಲ,
ಎರಡನೇ ತಾಸಿಗೆ ವಾರ್ಡೆಲ್ಲ ಹಬೆ.
ಹಾಲಮ್ಮ ಎತ್ತರದ ಹೆಂಗಸು.
ನನ್ನ ಕಾಲ ಬುಡದಲ್ಲಿ ಅವಳ ಅಳತೆ
ಎರಡು ಸುತ್ತು ಮಡಚಿಕೊಂಡು ಕೂತಿತ್ತು.

ಹೊರಗೆ ದಾವಣಗೆರೆಯ ಮೇ ತಿಂಗಳು,
ನಡುರಾತ್ರಿಯಲ್ಲೂ ಗೋಡೆ ಬಿಸಿ.
ಬೆವರೇನು ಹೊಸದಲ್ಲ ನನಗೆ.
ಅಪ್ಪನ ಮಂಡಕ್ಕಿ ಭಟ್ಟಿಯ ಬಾಯಿಗೆ
ಹೊಟ್ಟು ತಳ್ಳುತ್ತಾ ಎಸ್ಸೆಸ್ಸೆಲ್ಸಿ ಓದಿದವಳು.
ಆದರೆ ಭಟ್ಟಿಯ ಮುಂದೆ ದುಪಟ್ಟಾದಲ್ಲಿ ಮುಖ ಒರೆಸಬಹುದಿತ್ತು.
ಇಲ್ಲಿ ಹಣೆಯಿಂದ ಹೊರಟ ಹನಿ
ಮೂಗಿನ ತುದಿಗೆ ಬರುವವರೆಗೂ
ಸುಮ್ಮನೆ ಕಾಯಬೇಕು,
ಹಳ್ಳಿ ಬಸ್ಸಿನಲ್ಲಿ ಬರುವ ನೆಂಟರನ್ನು ಕಾದಂತೆ.

ನಾಲ್ಕನೇ ಮಂಚದ ಬಕ್ಕಪ್ಪನಿಗೆ ನಿದ್ದೆಯಿಲ್ಲ.
ಹತ್ತಿ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದವನು.
ಮಿಲ್ಲು ಮುಚ್ಚಿ, ಸೈರನ್ನು ನಿಂತು,
ಆ ಜಾಗದಲ್ಲಿ ಮನೆಗಳೆದ್ದು ಎಷ್ಟೋ ಕಾಲವಾದರೂ
ಬೆಳಗಿನ ಪಾಳಿಗೆ ತಾನಾಗಿ ಏಳುವವನು.
ಬೆರಳಿಗೆ ಆಕ್ಸಿಮೀಟರು ಸಿಕ್ಕಿಸುತ್ತಿದ್ದೆ;
ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದ,
ಹೆಬ್ಬೆರಳಲ್ಲಿ ಉಜ್ಜಿ ನೋಡಿದ,
ಸಂತೆಯಲ್ಲಿ ಪಂಚೆ ನೋಡಿದಂಗೆ.

"ಯಾವ ಮಿಲ್ಲಿಂದವ್ವಾ ಇದು?
ಹಾಸೂ ಇಲ್ಲ, ಹೊಕ್ಕೂ ಇಲ್ಲ.
ಇದ್ನ ಯಾರೂ ನೇಯ್ದಿಲ್ಲ,
ಹಪ್ಪಳ ಒತ್ತಿದಂಗೆ ಒತ್ಯಾರೆ.
ನೇಯ್ದ ಅರಿವೆ ಆದ್ರೆ ಉಸಿರಾಡ್ತತಿ.
ನಿಂಗೆ ಸೆಕೆ ಆಗಲ್ಲೇನು?"

ಎಂಬತ್ತೆಂಟು ಅನ್ನುತ್ತಿತ್ತು ಬೆರಳ ಮೇಲಿನ ಕೆಂಪು ಅಂಕಿ.
ಎಂಬತ್ತೆಂಟರಲ್ಲಿ ಮಲಗಿದವನು
ನನ್ನ ಬಟ್ಟೆಯ ಉಸಿರು ವಿಚಾರಿಸುತ್ತಿದ್ದ.

ಮಾಸ್ಕು ಸರಿಸಬೇಡ ಅಂದೆ.
ಸರಿಸಿದ.
"ನಮಗೆ ಆವಾಗ ಬಾಯಿಗೆ ಯಾರೂ ಏನೂ ಕೊಡ್ಲಿಲ್ಲವ್ವ.
ಹತ್ತಿ ಬಿಡಿಸೋ ರೂಮಿನಾಗೆ ಎದುರಿಗಿದ್ದೋನು ಕಾಣ್ತಿರಲಿಲ್ಲ.
ಟವಲ್ ಕಟ್ಕಂಡ್ರೆ ಮೇಸ್ತ್ರಿ ನಗೋನು,
ಏನಲೇ, ಮದುವಣಗಿತ್ತಿ ಆಗೀಯೇನು ಅಂತ.
ಸಂಜೆ ಉಗುಳಿದ್ರೆ
ಅದ್ರಾಗೆ ದೀಪದ ಬತ್ತಿ ಹೊಸೀಬೋದಿತ್ತು."

ನಕ್ಕ. ಕೆಮ್ಮಿದ. ಅಂಕಿ ಎಂಬತ್ತೈದಕ್ಕೆ ಇಳಿಯಿತು.
ಎರಡೂ ಕೈಯಲ್ಲಿ ಮಾಸ್ಕು ಒತ್ತಿ ಹಿಡಿದೆ.
ಗೋಡೆಯ ಶೀಶೆಯಲ್ಲಿ ಗುಳ್ಳೆ ಏಳುವುದನ್ನ
ಇಬ್ಬರೂ ನೋಡಿದೆವು ಬಹಳ ಹೊತ್ತು.
ಎರಡು ಪದರ ರಬ್ಬರಿನಾಚೆ ಅವನ ಕೆನ್ನೆ
ಬಿಸಿಯೋ ತಣ್ಣಗೋ
ತಿಳಿಯಲಿಲ್ಲ.

ಮೂರೂವರೆಗೆ ನಾನು ತಿರುಗಿ ಹೊರಟಾಗ
ಬೆನ್ನು ಓದಿದನೇನೋ,
"ಹಾಲಮ್ಮಾ," ಅಂದ, "ನೀರು."
ಬಂದೆ, ಅಂದೆ ನಾನು.
ಅದೇ ಗಳಿಗೆಗೆ ಪರದೆಯಾಚೆಯಿಂದ,
ಆಕ್ಸಿಜನ್ ಮಾಸ್ಕಿನ ಒಳಗಿಂದ, ಅರೆನಿದ್ದೆಯಲ್ಲಿ,
ಹನ್ನೆರಡು ವರ್ಷ ಡ್ಯೂಟಿ ಮಾಡಿದ ದನಿ:
"ಬಂದೆ, ಇರಣ್ಣಾ."

ಮಂಚ ಕಿರ್ರೆಂದಿತು. ಎದ್ದು ಕೂತಿರಬೇಕು.
ಕಾಲು ಚಪ್ಪಲಿ ಹುಡುಕುವ ಸದ್ದು.

ಓಡಿದೆ. ಮೊದಲು ಯಾರ ಕಡೆಗೆ ಅಂತ ಕೇಳಬೇಡಿ.
ಮಡಚಿದ್ದ ಅವಳ ಅಳತೆ ಬಿಚ್ಚಿಕೊಂಡು
ಕಾಲಿಗೆ ತೊಡರುತ್ತಿತ್ತು.
ಒಂದು ಕೈಯಲ್ಲಿ ಅದನ್ನೆತ್ತಿ ಹಿಡಿದು,
ಇನ್ನೊಂದರಲ್ಲಿ ನೀರಿನ ಬಾಟಲು,
ಪರದೆಗೆ ಬಾಯಿಟ್ಟು ಕೂಗಿದೆ:
"ಹಾಲಮ್ಮ ಬಂದಾಳೆ,
ನೀನು ಮಲಕ್ಕ."